ಬಾಂಡ್ಲಿ ಬೂದಿಯಲ್ಲಿ ಮೂಡಿದ ಹೆಜ್ಜೆ

ವಾಸನೆಯ ವಿಷಯದಲ್ಲಿ ತನ್ನಷ್ಟು ತಿಳಿದವರು ಸಾಲಿಗ್ರಾಮದಲ್ಲಿ ಇನ್ನೊಬ್ಬರಿಲ್ಲ ಎಂಬ ಜಂಬ ಚಲುವರಾಜುವಿಗಿತ್ತು. ಇದ್ದರೆ ತಪ್ಪೇನಿಲ್ಲ ಬಿಡಿ. ಗೊಬ್ಬರದ ಗೋಡೌನಿನಲ್ಲಿ ಮೂಟೆ ಲೆಕ್ಕ ಹಾಕುತ್ತಾ ಅರ್ಧ ಆಯಸ್ಸು ಕಳೆದ ಮನುಷ್ಯ. ಬೇವಿನ ಹಿಂಡಿ, ಕುರಿಗೊಬ್ಬರ, ಹುಳುವಿನ ಔಷಧಿ, ಇಷ್ಟರ ನಡುವೆ ಕೂತು ದಿನಾ ಬುತ್ತಿ ಬಿಚ್ಚಿ ಉಂಡವನು. ಹಾಗಾಗಿ ಮಗಳು ಸ್ಪಂದನಾ ಒಂದು ಸಂಜೆ ಕೆ.ಆರ್. ನಗರದ ಕಾಲೇಜಿನಿಂದ ಬರುವಾಗ ಮುಚ್ಚಳದ ಬುಟ್ಟಿಯಲ್ಲಿ ಬಿಳೀ ಬೆಕ್ಕೊಂದನ್ನು ಹೊತ್ತು ತಂದು, "ಇದರ ಹೆಸರು ಬೆಣ್ಣೆ. ನನ್ನ ಫ್ರೆಂಡ್ ಮನೆಯವರು ಬೇರೆ ಊರಿಗೆ ಹೋದ್ರು. ಇದು ಹೊರಗೆಲ್ಲೂ ಹೋಗಲ್ಲಪ್ಪ, ಎಲ್ಲಾ ಒಳಗೇ ಮಾಡ್ಕೊಳುತ್ತೆ" ಅಂದಾಗ ಅವನು ಹೆದರಲಿಲ್ಲ. ಹೆಂಡತಿ ಸುನಂದಮ್ಮ ಬಾಯಿ ತೆರೆಯುವ ಮೊದಲೇ ಕೈಯೆತ್ತಿ ತಡೆದ.

"ವಾಸ್ನೆ ತಾನೇ? ಅದನ್ನ ನನಗ್ಬುಡು."

ಮುಂದೆ ನಡೆದ ಅಷ್ಟೂ ಅನಾಹುತಕ್ಕೆ ಈ ಒಂದು ಮಾತೇ ಮೂಲ.

ಸುನಂದಮ್ಮನಿಗೆ ಬೆಕ್ಕಿನ ಮೇಲೆ ದ್ವೇಷವೇನೂ ಇರಲಿಲ್ಲ. ಅವಳ ಚಿಂತೆಯೆಲ್ಲ ಮಾವನ ಮೂಗಿನದು. ಚಲುವರಾಜುವಿನ ಅಪ್ಪ ದೊಡ್ಡಬೀರಯ್ಯನವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟಿನಲ್ಲಿದ್ದ ಮಗಳು ಪ್ರೇಮಮ್ಮನ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಅವರ ಕಣ್ಣು ಮಂಜಾಗಿತ್ತು, ಕಿವಿಯೂ ಅಷ್ಟಕ್ಕಷ್ಟೆ. ಮೂಗು ಮಾತ್ರ ಹರೆಯದ್ದು. ಜಗಲಿಯ ಮೇಲೆ ಕೂತೇ ಯಾರ ಮನೆಯಲ್ಲಿ ಹಾಲು ತಳ ಹಿಡಿಯಿತು, ಯಾರ ಮನೆಯ ಸಾರಿಗೆ ಇಂಗು ಹೆಚ್ಚಾಯಿತು ಎಂದು ಹೇಳಿಬಿಡುತ್ತಿದ್ದರು. ಹುಣಸೂರು ಕಡೆಯ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಗಳಲ್ಲಿ ಉರಿ ಕಾಯುತ್ತಿದ್ದ ಕಾಲದಲ್ಲಿ, ಎಲೆ ಹದಕ್ಕೆ ಬಂದದ್ದನ್ನು ಬಾಗಿಲು ತೆರೆಯದೆಯೇ ಮೂಸಿ ಹೇಳುತ್ತಿದ್ದರಂತೆ. ಮನೆಯೊಳಗೆ ಬೆಕ್ಕು ಕೂಡದು ಎಂದು ಹಿಂದೊಮ್ಮೆ ಮೊಸರಿನ ಗಡಿಗೆಯ ಪ್ರಕರಣವಾದಾಗ ಅವರು ಹಾಕಿದ್ದ ಕಟ್ಟಪ್ಪಣೆ ಇನ್ನೂ ಜಾರಿಯಲ್ಲಿತ್ತು.

"ಭಾನುವಾರ ಮಾವ ಬತ್ತಾರೆ. ಅವರ ಮೂಗಿಗೆ ಒಂದು ಚೂರು ವಾಸ್ನೆ ತಗುಲ್ತಾ, ಅವತ್ತೇ ಇದನ್ನ ವಾಪಸ್ ಕಳಿಸ್ಬೇಕು. ನಾನು ಯಾರ ಪರವಾಗೂ ಬಾಯ್ಬುಡಾಕಿಲ್ಲ" ಎಂದು ಸುನಂದಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು. ಭಾನುವಾರದವರೆಗೆ ಬೀದಿಯಲ್ಲಿ ಯಾರಿಗೂ ಬೆಕ್ಕಿನ ಸುಳಿವು ಕೊಡಬಾರದು ಎಂದೂ ತೀರ್ಮಾನವಾಯಿತು. ಆ ಬೀದಿಯಲ್ಲಿ ಒಬ್ಬರಿಗೆ ಗೊತ್ತಾದದ್ದು ಹ್ಯಾಂಡ್‌ಪೋಸ್ಟಿನವರೆಗೂ ತಲುಪಲು ಬಸ್ಸು ಕೂಡ ಬೇಕಿರಲಿಲ್ಲ.

ಮನೆಯಲ್ಲಿ ಖಾಲಿ ಇದ್ದದ್ದು ಒಂದೇ ಕೋಣೆ. ಅದು ದೊಡ್ಡಬೀರಯ್ಯನವರದೇ.

ಬೆಕ್ಕಿನ ಜೊತೆ ಬಂದಿದ್ದ ಹರಳುಮಣ್ಣಿನ ಪೊಟ್ಟಣ ಬೇಗನೇ ಮುಗಿಯಿತು. ಅಂಥದ್ದು ಇನ್ನೊಂದು ಕೊಡಿ ಎಂದು ಚಲುವರಾಜು ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು, "ಬೆಕ್ಕು ಕಕ್ಕಸ್ಸಿಗೋಗಾಕೆ ಪ್ಯಾಕೆಟ್ಟಾ?" ಎಂದು ಗಿರಾಕಿಗಳಿಗೆಲ್ಲ ಕೇಳುವ ಹಾಗೆ ನಗಲು ಶುರು ಮಾಡಿದ. "ನನಗಲ್ಲ ಕಣಯ್ಯ, ಗೋಡೌನ್ ಸಾಹೇಬರ ಮನೆಗೆ" ಎಂದು ಸಾಹೇಬರ ಮರ್ಯಾದೆ ಕಳೆದು ಅಲ್ಲಿಂದ ತಪ್ಪಿಸಿಕೊಂಡ. ಹೊಳೆ ಮರಳು ತಂದು ನೋಡಿದ, ನೆಂದರೆ ನಾತ. ಮರದ ಹೊಟ್ಟು ತಂದು ನೋಡಿದ, ಅದು ಬೆಣ್ಣೆಯ ಕಾಲಿಗೆ ಅಂಟಿ ಅಡುಗೆಮನೆಯವರೆಗೂ ಮೆರವಣಿಗೆ ಬಂತು. ಕಡೆಗೆ ನಾಲೆ ಆಚೆಯ ಆಲೆಮನೆಯ ಒಲೆ ಬೂದಿ ನೆನಪಾಯಿತು. ಹೊತ್ತು ಮುಳುಗುವಾಗ ಬೈಕಿನಲ್ಲಿ ಹೋಗಿ ಒಂದು ಮೂಟೆ ಬೂದಿ ಹೇರಿಕೊಂಡು ಬಂದ. ತಲೆಯಿಂದ ಕಾಲಿನವರೆಗೂ ಬೂದಿಮಯನಾಗಿ ಬಂದವನನ್ನು ಎದುರು ಮನೆಯ ಶಿವರುದ್ರಮ್ಮ ನೋಡಿದರು. ಆಗ ಏನೂ ಕೇಳಲಿಲ್ಲ. ನೋಡಿಟ್ಟುಕೊಂಡರು ಅಷ್ಟೆ.

ಬೂದಿ ಕೈ ಕೊಡಲಿಲ್ಲ. ಗಾರೆ ಕಲಸುವ ಕಬ್ಬಿಣದ ಬಾಂಡ್ಲಿಯಲ್ಲಿ ಜರಡಿ ಹಿಡಿದ ಬೂದಿ ತುಂಬಿ, ಕರಣೆಯಿಂದ ಮೇಲ್ಮೈ ಸವರಿ ಕನ್ನಡಿಯ ಹಾಗೆ ನಯ ಮಾಡಿ ಇಡುತ್ತಿದ್ದ. ಬೆಣ್ಣೆ ಬಂದು ಹೋಗಿದೆಯೋ ಇಲ್ಲವೋ ಎಂಬುದು ಹೆಜ್ಜೆ ನೋಡಿದರೇ ಗೊತ್ತಾಗುತ್ತಿತ್ತು. ಹೋಗಿದ್ದರೆ ಅದೇ ಕರಣೆಯಿಂದ ಗಂಟು ಎತ್ತಿ ತಿಪ್ಪೆಗೆ ಹಾಕಿ, ಮತ್ತೆ ಸವರುವುದು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ ಚಲುವರಾಜುವಿಗೆ ಅಪ್ಪನ ಮೂಗು ಕನಸಿನಲ್ಲಿ ಬರತೊಡಗಿತ್ತು. ಕೂತರೆ ನಿಲ್ಲುವನು, ನಿಂತರೆ ಮೂಸುವನು. ಗೋಡೌನಿನಿಂದ ನಡುವೆ ಮನೆಗೆ ಓಡಿ ಬಂದು ಗೋಡೆ ಮೂಸಿ ಹೋಗುವನು.

ಅದಕ್ಕೆ ಕಾರಣವೂ ಇತ್ತು. ಬೆಕ್ಕು ಮಗಳದ್ದು ಎಂದು ಹೇಳುತ್ತಿದ್ದನೇ ಹೊರತು, ಅವನೇ ಅದಕ್ಕೆ ಮರುಳಾಗಿ ಹೋಗಿದ್ದ. ಸಂಜೆ ಅವನು ಚಪ್ಪಲಿ ಬಿಡುವ ಸದ್ದಿಗೆ ಬೆಣ್ಣೆ ಒಳಗಿನಿಂದ ಎದ್ದು, ಮೈಮುರಿದು, ಬಾಲ ನಿಮಿರಿಸಿಕೊಂಡು ಬಾಗಿಲವರೆಗೂ ಬರುತ್ತಿತ್ತು. ಚಲುವರಾಜು ಮನೆಗೆ ಬಂದನೆಂದು ಈ ಮನೆಯಲ್ಲಿ ಯಾರಾದರೂ ಎದ್ದು ಬಂದು ಎಷ್ಟು ಕಾಲವಾಗಿತ್ತೋ! ಸುನಂದಮ್ಮ ಒಳಗಿನಿಂದಲೇ "ಹಾಲು ತಂದ್ರಾ?" ಅನ್ನುವಳು, ಸ್ಪಂದನಾ ಫೋನಿನಿಂದ ತಲೆ ಎತ್ತಳು. ಈ ಬೆಕ್ಕು ವಾಪಸ್ಸು ಹೋದರೆ ನಾನು ಹೇಗಿರಲಿ ಎಂದು ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಆ ಸಂಕಟದಲ್ಲೇ ಒಂದು ದಿನ ಬೂದಿಗೆ ಫಿನಾಯಿಲ್ ಚಿಮುಕಿಸಿದ. ಅದು ಸಾಲದೆಂದು ನೀಲಗಿರಿ ಎಣ್ಣೆ. ಮೂಲೆ ಮೂಲೆಗೆ ನುಸಿಗುಳಿಗೆ. ಬೆಳಿಗ್ಗೆ ಸಂಜೆ ಸಾಂಬ್ರಾಣಿ. ಮುಚ್ಚಿದ ಕೋಣೆಯಲ್ಲಿ ಎಣ್ಣೆ ದೀಪ ಉರಿದರೆ ಅದು ಕೆಟ್ಟ ಗಾಳಿಯನ್ನೆಲ್ಲ ತಿಂದುಬಿಡುತ್ತದೆ ಎಂದು ಯಾರೋ ಮೊಬೈಲಿನಲ್ಲಿ ಹೇಳಿದ್ದನ್ನು ನಂಬಿ ಬಾಂಡ್ಲಿಯ ಪಕ್ಕದಲ್ಲೇ ಒಂದು ದೀಪವನ್ನೂ ಹಚ್ಚಿಟ್ಟ. ಬೆಣ್ಣೆ ಬಂದು ಬಾಂಡ್ಲಿ ಮೂಸಿತು. ಸೀನಿತು. ಇಂಥ ಆಸ್ಪತ್ರೆಯಲ್ಲಿ ನಾನು ಕೂರಲಾರೆ ಎಂಬ ಮುಖ ಮಾಡಿ, ಮಂಚ ಹತ್ತಿ, ತಲೆದೆಸೆಯಲ್ಲಿ ಮಡಿಸಿಟ್ಟಿದ್ದ ದೊಡ್ಡಬೀರಯ್ಯನವರ ಕರೀ ಕಂಬಳಿಯ ಮೇಲೆ ತನ್ನ ಕೆಲಸ ಮುಗಿಸಿತು.

ಕಂಬಳಿ! ಅದು ಬರೀ ಹೊದಿಕೆಯಲ್ಲ. ಮನೆದೇವರು ಬೀರಪ್ಪನ ಪೂಜೆಗೆ ಗದ್ದುಗೆ ಹಾಸುವುದು ಅದನ್ನೇ. ದೊಡ್ಡಬೀರಯ್ಯನವರು ಹೆಂಡತಿಗಿಂತ ಹೆಚ್ಚು ಕಾಲ ಅದರೊಂದಿಗೆ ಬಾಳಿದ್ದರು. ಸುನಂದಮ್ಮ ಬಾಗಿಲಲ್ಲಿ ನಿಂತು ನೋಡಿ ಗೋಡೆ ಹಿಡಿದುಕೊಂಡಳು.

"ಅಯ್ಯೋ ನನ್ನ ಹಣೆಬರವೇ! ಎತ್ತಿ ಅತ್ಲಾಗೆ! ನಾಲೆ ತಾವ್ಲೇ ತೊಳ್ಕಂಡ್ ಬನ್ನಿ. ಮನೇಲಿ ಒಂದ್ ತೊಟ್ಟು ನೀರು ಮುಟ್ಟಕೂಡ್ದು!"

ಮಾರನೇ ಬೆಳಿಗ್ಗೆ ಇನ್ನೂ ಮಬ್ಬಿರುವಾಗಲೇ ಚಲುವರಾಜು ಅಂಟುವಾಳದ ಕಾಯಿ ಹಿಡಿದು ನಾಲೆಗೆ ಹೋಗಿ ಕಂಬಳಿ ಒಗೆದ. ನೆಂದ ಕಂಬಳಿ ಅವನಿಗಿಂತ ಭಾರವಿತ್ತು. ಹೆಗಲಿಗೆ ಹಾಕಿಕೊಂಡು, ತೊಟ್ಟಿಕ್ಕುತ್ತಾ, ಅಂಗಳಕ್ಕೆ ಬಂದರೆ ಸುನಂದಮ್ಮ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು.

"ಒಳಕ್ಕೆ ಕಾಲಿಟ್ಟೀರಾ! ಅಲ್ಲೇ ನಿಂತ್ಕಳಿ."

ಎರಡು ಬಿಂದಿಗೆ ತಣ್ಣೀರು ತಲೆಯ ಮೇಲೆ ಬಿತ್ತು. ಅನಂತರ ಗಂಡ ಹೆಂಡತಿ ಸೇರಿ ಅಪ್ಪನ ಮಂಚವನ್ನು ಹೊರಗೆ ತಂದು ಬಿಸಿಲಿಗೆ ತಲೆಕೆಳಗು ಮಾಡಿ ಹಾಕಿದರು. ಕೋಣೆಯನ್ನು ತೊಳೆದು, ಮೂಲೆಮೂಲೆಗೆ ಗಂಜಲ ಚಿಮುಕಿಸಿದರು. ಸಾಂಬ್ರಾಣಿ ಹೊಗೆ ಕಿಟಕಿಯಿಂದ ಬೀದಿಗೆ ಹರಿಯಿತು.

ಎದುರಿಗೆ ಶಿವರುದ್ರಮ್ಮ ರಂಗೋಲಿ ಬಿಡುತ್ತಿದ್ದರು. ಬಿಡುತ್ತಿದ್ದ ಎಳೆ ಹಾಗೇ ನಿಂತಿತು.

ಈ ಶಿವರುದ್ರಮ್ಮನ ಪರಿಚಯ ಹೇಳಬೇಕು. ಊರಿನಲ್ಲಿ ಯಾರ ಉಸಿರು ನಿಂತರೂ ಮೊದಲು ಕರೆ ಹೋಗುವುದು ಅವರಿಗೆ. ಯಾವ ದಿನ ಎಣ್ಣೆ, ಯಾವ ದಿನ ಎಡೆ, ಯಾರು ಮೊದಲು ಅಳಬೇಕು, ಯಾರು ಎಷ್ಟು ಅಳಬೇಕು, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಇಂಥವರ ಕಣ್ಣೆದುರಿಗೆ ಹಿರಿಯರ ಹಾಸಿಗೆ ನಾಲೆಯಲ್ಲಿ ತೊಳೆದು, ಹೊಸ್ತಿಲಾಚೆ ತಲೆಗೆ ನೀರು ಹಾಕಿಸಿಕೊಂಡು, ಮಂಚ ಮಗುಚಿ, ಗಂಜಲ ಚಿಮುಕಿಸಿದರೆ ಅವರು ಏನೆಂದುಕೊಳ್ಳಬೇಕು, ನೀವೇ ಹೇಳಿ. ರಂಗೋಲಿ ಬಟ್ಟಲು ಅಲ್ಲೇ ಬಿಟ್ಟು ಬೀದಿ ದಾಟಿದರು.

"ಸುನಂದ, ಬೀರಣ್ಣ ಎಂಗವ್ನವ್ವಾ?"

ಸುನಂದಮ್ಮ ಸಾಂಬ್ರಾಣಿ ಹೊಗೆಗೆ ಕೆಂಪಾಗಿದ್ದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. ಸುಳ್ಳು ಹೇಳಲು ಬಾರದ ಹೆಂಗಸು.

"ಈಗ ಏನೂ ಕೇಳ್ಬ್ಯಾಡಿ ಅತ್ತೆ. ಭಾನುವಾರ ಎಲ್ಲಾ ತಿಳೀತದೆ" ಎಂದು ದಡಬಡನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶಿವರುದ್ರಮ್ಮ ಅಷ್ಟಕ್ಕೆ ಬಿಡುವವರೇ? ಗೋಡೆಯ ಪಕ್ಕದ ಓಣಿಯಲ್ಲಿ ಸರಿದು ಕಿಟಕಿಗೆ ಕಣ್ಣಿಟ್ಟರು. ಕೋಣೆಯ ನಡುವೆ ನಯವಾಗಿ ಸವರಿದ ಬೂದಿ. ಪಕ್ಕದಲ್ಲಿ ದೀಪ. ದೀಪದ ಪಕ್ಕ ಬಟ್ಟಲಲ್ಲಿ ಹಾಲು. ಹೆದರಿದ ಬೆಣ್ಣೆ ಆ ಬೂದಿಯನ್ನೇ ತುಳಿದುಕೊಂಡು ಹೋಗಿ ಬಟ್ಟೆ ಪೆಟ್ಟಿಗೆಯ ಹಿಂದೆ ಸೇರಿಕೊಂಡಿತ್ತು, ಅದು ಮಾತ್ರ ಕಾಣಲಿಲ್ಲ.

ನಮ್ಮ ಕಡೆ ಕೆಲವು ಮನೆಗಳಲ್ಲಿ ಒಂದು ಪದ್ಧತಿ ಉಂಟು. ಹಿರಿಯರು ತೀರಿಕೊಂಡರೆ ಅವರು ಮಲಗುತ್ತಿದ್ದ ಕೋಣೆಯಲ್ಲಿ ಬೂದಿ ಹರಡಿ, ದೀಪ, ಹಾಲು ಇಟ್ಟು ಬಾಗಿಲು ಎಳೆದುಕೊಳ್ಳುತ್ತಾರೆ. ಆಮೇಲೆ ತೆಗೆದು ನೋಡಿದಾಗ ಬೂದಿಯ ಮೇಲೆ ಯಾವ ಹೆಜ್ಜೆ ಮೂಡಿರುತ್ತದೋ, ಹೋದವರು ಆ ಜೀವವಾಗಿ ಹುಟ್ಟಿದರು ಎಂದು ನಂಬಿಕೆ. ಆ ಹೆಜ್ಜೆ ಓದುವುದರಲ್ಲಿ ಶಿವರುದ್ರಮ್ಮನನ್ನು ಮೀರಿಸಿದವರಿಲ್ಲ. ಅವರು ಕಿಟಕಿ ಸರಳಿಗೆ ಹಣೆ ಒತ್ತಿ ದಿಟ್ಟಿಸಿದರು. ಬೂದಿಯ ಮೇಲೆ ಅಚ್ಚೊತ್ತಿದ ಹಾಗೆ ಪುಟ್ಟ ಪುಟ್ಟ ಗುಂಡು ಹೆಜ್ಜೆ.

"ಬೆಕ್ಕಾಗವ್ನೆ ಬೀರಣ್ಣ" ಎಂದು ಅವರು ಎರಡೂ ಕೈ ಜೋಡಿಸಿದರು.

ಸುದ್ದಿ ನಲ್ಲಿಯ ಹತ್ತಿರ ಹೋಗಿ, ಡೈರಿಯ ಹತ್ತಿರ ಬೆಳೆದು, ಮಧ್ಯಾಹ್ನದ ಹೊತ್ತಿಗೆ ಕೈಕಾಲು ಮೂಡಿಸಿಕೊಂಡಿತು. ದೊಡ್ಡಬೀರಯ್ಯನವರು ಕೋಟೆಯಲ್ಲೇ ಹೋಗಿಬಿಟ್ಟರು. ಅಲ್ಲೇ ಮಗಳ ಹೊಲದಲ್ಲಿ ಮಣ್ಣು ಮಾಡಿ, ಚಲುವರಾಜು ಹೊತ್ತು ಮುಳುಗುವಾಗ ಕೋಣೆಯಲ್ಲಿ ಹರಡಲು ಬೂದಿ ಮೂಟೆ ತಂದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಪ್ರೇಮಮ್ಮನಿಗೆ ಫೋನು ಮಾಡಿ ನೋಡಿದರು. ಕಾಡಂಚಿನ ಊರು, ಸಿಗ್ನಲ್ ಸಿಕ್ಕಿದರೆ ಪುಣ್ಯ. ಸಿಗಲಿಲ್ಲ. ಅದೂ ಸಾಕ್ಷಿಯೇ ಆಯಿತು.

ಸರಿ, ಸತ್ತದ್ದನ್ನು ಚಲುವರಾಜು ಮುಚ್ಚಿಟ್ಟದ್ದೇಕೆ? ಅದಕ್ಕೂ ಉತ್ತರ ಸಿದ್ಧವಿತ್ತು. ಸೋಮವಾರ ಅವನ ಚಿಕ್ಕಪ್ಪನ ಮಗ ಶಶಿಕುಮಾರನ ಹೊಸಮನೆಯ ಗೃಹಪ್ರವೇಶ. ದಾಯಾದಿ ಮನೆಯಲ್ಲಿ ಸಾವಾದರೆ ಶಶಿಕುಮಾರನಿಗೂ ಸೂತಕ, ಪೆಂಡಾಲು ಬಿಚ್ಚಬೇಕು. ತಮ್ಮನ ಶುಭಕಾರ್ಯ ಕೆಡಬಾರದೆಂದು ಹೆತ್ತ ತಂದೆಯ ಸಾವನ್ನೇ ನುಂಗಿಕೊಂಡಿದ್ದಾನಲ್ಲ, ಎಂಥಾ ದೊಡ್ಡ ಮನಸ್ಸು! ಅಲ್ಲಿಯವರೆಗೆ ಚಲುವರಾಜು ಎದುರಿಗೆ ಬಂದರೆ ಬೀಡಿ ಕೇಳುತ್ತಿದ್ದವರು ಈಗ ಎದ್ದು ನಿಲ್ಲತೊಡಗಿದರು. ಹೋಟೆಲಿನಲ್ಲಿ ಅವನ ಕಾಫಿಗೆ ದುಡ್ಡು ಬೇಡವೆಂದರು.

ಚಲುವರಾಜುವಿಗೆ ಏನೊಂದೂ ಅರ್ಥವಾಗಲಿಲ್ಲ. ಅಪ್ಪ ಬರುವ ಮುಂಚೆ ನೀಟಾಗಿರೋಣವೆಂದು ಕ್ಷೌರಕ್ಕೆ ಹೋದ. ಕ್ಷೌರಿಕ ಕತ್ತಿ ಮಸೆದು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಿವಿಯ ಹತ್ತಿರ ಬಗ್ಗಿದ.

"ಮೀಸೆನೂ ತೆಗೀಲಾ?"

"ಯಾಕಯ್ಯಾ? ಮೀಸೆ ಏನ್ ಮಾಡ್ತು ನಿನಗೆ?"

"ಗೊತ್ತಾಯ್ತು ಬುಡಿ. ಸೋಮವಾರ ಕಳೀಲಿ, ನಾನೇ ಮನೆ ತಾವು ಬತ್ತೀನಿ, ತಲೆ ಮೀಸೆ ಎಲ್ಡೂ ಒಟ್ಗೇ ತೆಗೆಯುವ" ಎಂದು ಕಣ್ಣು ಒದ್ದೆ ಮಾಡಿಕೊಂಡ. ಚಲುವರಾಜು ಅರ್ಧ ಸೋಪು ಮುಖದಲ್ಲಿಟ್ಟುಕೊಂಡೇ ಎದ್ದು ಬಂದ.

ಶನಿವಾರ ಗೋಡೌನಿಗೆ ಶಶಿಕುಮಾರನೇ ಬಂದ. ಬಂದವನು ಅಣ್ಣನ ಎರಡೂ ಕೈ ಹಿಡಿದು ಮೂಟೆಗಳ ಹಿಂದಕ್ಕೆ ಎಳೆದುಕೊಂಡು ಹೋದ.

"ಅಣ್ಣ, ನನಗೆಲ್ಲಾ ಗೊತ್ತು. ಆದ್ರೆ ನನಗೇನೂ ಗೊತ್ತಿಲ್ಲ. ನೀನು ಬಾಯ್ಬುಡಬೇಡ, ನಾನು ಕೇಳಿಸ್ಕಳಾಕಿಲ್ಲ. ಕಿವಿಗೆ ಬೀಳೋವರ್ಗೂ ನಮಗೆ ತಟ್ಟಾಕಿಲ್ಲ ಅಂತ ಐನೋರು ಹೇಳವ್ರೆ."

ಚಲುವರಾಜು ಅತ್ತ ಇತ್ತ ನೋಡಿದ. ಬೆಕ್ಕಿನ ವಿಷಯ ಐನೋರವರೆಗೂ ಹೋಯಿತೇ!

"ಲೇ ಶಶಿ, ನಿಜ ಹೇಳ್ಲಾ. ವಾಸ್ನೆ ನಿಮ್ಮನೆ ತಂಕ ಬಂತಾ?"

ಶಶಿಕುಮಾರ ಹೌಹಾರಿದ. ಮಣ್ಣು ಮಾಡಲು ಅಷ್ಟು ತಡವಾಯಿತೇ ಎಂದುಕೊಂಡ. ಆದರೂ ಅಣ್ಣನ ಸಮಾಧಾನಕ್ಕೆಂದು, "ನೀನೇನೂ ಹಚ್ಕಬೇಡಣ್ಣ. ಊರಿಗೇ ಹಬ್ಬದೆ, ಆದ್ರೂ ಯಾರೂ ತುಟಿ ಪಿಟಕ್ ಅಂತಿಲ್ಲ. ಜನ ಒಳ್ಳೇರು ಕಣಣ್ಣ" ಎಂದು ಮೂಗು ಮುಚ್ಚಿಕೊಂಡು ಅಳುತ್ತಾ ಹೊರಟುಹೋದ.

ಊರಿಗೇ ಹಬ್ಬಿದೆಯಂತೆ! ಚಲುವರಾಜು ಗೋಡೌನಿಗೆ ಬೀಗ ಹಾಕಿದನೋ ಇಲ್ಲವೋ ಅವನಿಗೇ ನೆನಪಿಲ್ಲ. ಮನೆಗೆ ಓಡಿದ. ಇದ್ದ ಬೂದಿಯನ್ನೆಲ್ಲ ತಿಪ್ಪೆಗೆ ಸುರಿದ. ಬಾಂಡ್ಲಿ ಉಜ್ಜಿದ, ಹುಣಸೆಹಣ್ಣು ಹಚ್ಚಿ ಮತ್ತೆ ಉಜ್ಜಿದ. ಹೊಸ ಬೂದಿ ಜರಡಿ ಹಿಡಿದ. ಇನ್ನೊಂದು ಬಾಟಲಿ ಫಿನಾಯಿಲ್ ನೆಲಕ್ಕೆ. ಇನ್ನಷ್ಟು ಕರ್ಪೂರ. ಬೆಣ್ಣೆ ಪೆಟ್ಟಿಗೆಯ ಮೇಲೆ ಕೂತು ಈ ಕುಣಿತವನ್ನೆಲ್ಲ ಅರ್ಧ ಕಣ್ಣು ಮುಚ್ಚಿ ನೋಡುತ್ತಿತ್ತು.

"ನಿನ್ನಿಂದ ಕಣೇ ಇದೆಲ್ಲಾ" ಅಂದ ಚಲುವರಾಜು. ಅದು ಇಳಿದು ಬಂದು ಅವನ ಮೊಣಕಾಲಿಗೆ ತಲೆ ತಿಕ್ಕಿತು. ಅವನು ಕರಣೆ ಕೆಳಗಿಟ್ಟು ಅದರ ಕಿವಿಯ ಹಿಂದೆ ಕೆರೆದ.

ಭಾನುವಾರ ಬಂತು. ಸುನಂದಮ್ಮನೇ ಹೇಳಿದ್ದಳಲ್ಲ, ಭಾನುವಾರ ಎಲ್ಲಾ ತಿಳಿಯುತ್ತದೆ ಎಂದು! ಸ್ನಾನ ಮುಗಿಸಿ ಚಲುವರಾಜು ಬಾಗಿಲು ತೆರೆದರೆ ಜಗಲಿಯ ಮೇಲೆ, ಅಂಗಳದಲ್ಲಿ, ಬೀದಿಯಲ್ಲಿ ಜನ. ಗಂಡಸರು ತಲೆಗೆ ಸುತ್ತಿದ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದರು. ಹೆಂಗಸರು ಚಾಪೆ ತಂದು ಕೂತಿದ್ದರು. ಒಬ್ಬರ ಕೈಯಲ್ಲಿ ಸುಗಂಧರಾಜದ ಹಾರ. ಒಂದು ಮೂಲೆಯಲ್ಲಿ ವಿಎ, ಅಂದರೆ ಊರಿನ ಕಂದಾಯದ ಅಧಿಕಾರಿ ಪ್ರಭುಸ್ವಾಮಿ, ಚೀಲ ಹಿಡಿದು ಗಂಭೀರವಾಗಿ ನಿಂತಿದ್ದರು. ಶಶಿಕುಮಾರ ಮಾತ್ರ ಈಚೆ ಬರಲಿಲ್ಲ. ಬೀದಿಯ ಆ ತುದಿಯ ಬೇವಿನ ಮರದ ಕೆಳಗೆ, ಯಾವ ಸುದ್ದಿಯೂ ಕೇಳಿಸದಿರಲೆಂದು ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಂತಿದ್ದ.

ಅಪ್ಪನ ಮೂಗಿನ ಪರೀಕ್ಷೆ ನೋಡಲು ಇಷ್ಟು ಜನವೇ ಎಂದುಕೊಂಡ ಚಲುವರಾಜು. ಹೊಸ್ತಿಲಲ್ಲೇ ಕೂತುಬಿಟ್ಟ.

"ನಂದು ತಪ್ಪಾಯ್ತು. ಮುಚ್ಚಿಡಬಾರ್ದಾಗಿತ್ತು" ಅಂದ.

ಅಷ್ಟೇ ಸಾಕಾಯಿತು. ಶಿವರುದ್ರಮ್ಮ ಎದೆಗೆ ಒಂದು ಕೈ, ತಲೆಗೆ ಒಂದು ಕೈ ಕೊಟ್ಟು ಶುರು ಮಾಡಿಯೇ ಬಿಟ್ಟರು.

"ಬಸ್ಸಲ್ಲಿ ಹೋದ್ಯಲ್ಲೋ ಬೀರಣ್ಣಾ! ಕಣ್ಣು ಮಾಡಿಸ್ಕಂಡೋನು ನಮ್ಮನ್ನ ಕಾಣ್ದಂಗೆ ಹೋದ್ಯಲ್ಲೋ! ನನ್ನ ಸಾರಿಗೆ ಇಂಗೆಚ್ಚಾಯ್ತು ಅನ್ನೋರು ಇನ್ಯಾರಿದ್ದಾರೋ!"

ಹೆಂಗಸರೆಲ್ಲ ದನಿಗೂಡಿಸಿದರು. ಒಳಗಿನಿಂದ ಓಡಿ ಬಂದ ಸುನಂದಮ್ಮ, ಶಿವರುದ್ರಮ್ಮ ಹಾಗೆ ಅಳುವುದನ್ನು ಕಂಡು, ಕೋಟೆಯಿಂದ ಏನೋ ಕೆಟ್ಟ ಸುದ್ದಿ ಬಂದಿದೆಯೆಂದು ಗಾಬರಿಯಾಗಿ ತಾನೂ ಗೊಳೋ ಎಂದಳು. ಅವಳನ್ನು ನೋಡಿ ಚಲುವರಾಜುವೂ ಗಾಬರಿಯಾದ. ಬೆಳಿಗ್ಗೆ ಹೊರಟೆವು ಎಂದು ಪ್ರೇಮ ಫೋನು ಮಾಡಿದ್ದಳಲ್ಲ! ದಾರಿಯಲ್ಲಿ ಬಸ್ಸಿಗೇನಾದರೂ ಆಯಿತೇ? ಕೇಳಲು ಹೋದರೆ ಅಳುವಿನ ನಡುವೆ ಅವನ ದನಿ ಅವನಿಗೇ ಕೇಳಿಸಲಿಲ್ಲ. "ಅಪ್ಪಾ!" ಎಂದು ಒಂದೇ ಸಲ ಕೂಗಿಬಿಟ್ಟ.

ಆ ಹೊತ್ತಿಗೆ ಕೆ.ಆರ್. ನಗರದ ಬಸ್ಸಿಳಿದು ಪ್ರೇಮಮ್ಮ ಸ್ಟ್ಯಾಂಡಿನ ಅಂಗಡಿಯಲ್ಲಿ ಬಾಳೆಹಣ್ಣು ಕೊಳ್ಳಲು ನಿಂತಿದ್ದಳು. ಕಣ್ಣಿಗೆ ಆಸ್ಪತ್ರೆಯ ಕಪ್ಪು ಕನ್ನಡಕ, ತಲೆಗೆ ಅಳಿಯ ಕೊಟ್ಟಿದ್ದ ಟೋಪಿ ಹಾಕಿಕೊಂಡ ದೊಡ್ಡಬೀರಯ್ಯನವರು ಕಾಯಲಾರದೆ ಮುಂದೆ ನಡೆದು ಬಂದರು. ಬೀದಿ ತಿರುಗಿದರೆ ಅಳು. ಸಾವಿನ ಮನೆ ಎಂದರೆ ಸುಮ್ಮನೆ ದಾಟಿ ಹೋಗುವ ಮನುಷ್ಯರಲ್ಲ ಅವರು. ಟೋಪಿ ತೆಗೆದು, ಗುಂಪಿನ ಕೊನೆಯಲ್ಲಿದ್ದ ಪ್ರಭುಸ್ವಾಮಿಯ ಪಕ್ಕ ನಿಂತು, ಲೊಚಗುಟ್ಟಿದರು.

"ಪಾಪ. ಯಾರು ಸ್ವಾಮಿ ಹೋದೋರು?"

"ದೊಡ್ಡಬೀರಯ್ಯ ಅಂತ. ಈ ಮನೆ ಯಜಮಾನ್ರು" ಎಂದರು ಊರಿಗೆ ಹೊಸಬರಾದ ವಿಎ.

"ಹೌದಾ? ವಯಸ್ಸಾಗಿತ್ತಾ?" ಎಂದು ಕೇಳಿದ ಮೇಲೆ ದೊಡ್ಡಬೀರಯ್ಯನವರಿಗೆ ಹೆಸರು ಎಲ್ಲೋ ಕೇಳಿದ ಹಾಗನಿಸಿತು. ಕಪ್ಪು ಕನ್ನಡಕ ತೆಗೆದು ಮನೆಯನ್ನೊಮ್ಮೆ ನೋಡಿದರು. ಬಾಗಿಲಲ್ಲಿ ಅಳುತ್ತಿದ್ದ ಮಗನನ್ನು ನೋಡಿದರು.

"ಲೇ ಚಲ್ವಾ! ಯಾರಪ್ಪನ್ನ ಕೊಂದ್ಯೋ?"

ಅಳು ಕತ್ತರಿಸಿದ ಹಾಗೆ ನಿಂತಿತು. ಹಾರ ಹಿಡಿದವನು ಹಾರವನ್ನು ಬೆನ್ನ ಹಿಂದೆ ಅಡಗಿಸಿದ. ಎಲ್ಲರಿಗಿಂತ ಮೊದಲು ಸುಧಾರಿಸಿಕೊಂಡವರು ಶಿವರುದ್ರಮ್ಮ. ಅವರಿಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

"ನೀನು ಬೆಕ್ಕಾಗಿದ್ದಲ್ಲೋ ಬೀರಣ್ಣ! ನಾನೇ ಹೆಜ್ಜೆ ನೋಡಿವ್ನಿ!"

"ನಾನು ಬೆಕ್ಕಾ?"

ಪ್ರಭುಸ್ವಾಮಿಯವರು ಗಂಟಲು ಸರಿಮಾಡಿಕೊಂಡು, "ಯಜಮಾನ್ರೇ, ನೀವು ಬದುಕಿದ್ದೀರಿ ಅಂತ ಒಂದ್ಸಲ ನಾಡಕಚೇರಿಗೆ ಬಂದು ಹೇಳ್ಬಿಟ್ರೆ ನನಗೆ ಅನುಕೂಲ" ಎಂದರು. ಯಾರೂ ಅವರ ಕಡೆ ತಿರುಗಿ ನೋಡಲಿಲ್ಲ.

ದೊಡ್ಡಬೀರಯ್ಯನವರು ಜನವನ್ನು ಸೀಳಿಕೊಂಡು ಬಂದು, ಅಪ್ಪನ ಮುಖವನ್ನೇ ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದ ಮಗನನ್ನು ದಾಟಿ, ಸೀದಾ ತಮ್ಮ ಕೋಣೆಗೆ ಹೋದರು. ಊರು ಹಿಂದೆಯೇ ನುಗ್ಗಿತು. ಅವರು ನಡುವೆ ನಿಂತು ಕಣ್ಣು ಮುಚ್ಚಿದರು. ಮೂಗಿನ ಹೊಳ್ಳೆ ಅರಳಿತು.

"ಫಿನಾಯ್ಲು" ಅಂದರು ಮುದುಕರು. "ನೀಲಗಿರಿ ಎಣ್ಣೆ. ಕರ್ಪೂರ. ನುಸಿಗುಳಿಗೆ. ಗಂಜಲ. ಹುಣಸೆಹಣ್ಣು ಯಾಕ್ಲಾ? ಥೂ, ತಲೆ ತಿರುಗ್ತದೆ. ಇಷ್ಟೆಲ್ಲಾ ಎರಚಿ ಏನನ್ನೋ ಮುಚ್ಚಿದ್ದೀಯ. ಎಲ್ಲಿ ಅದು, ಬೆಕ್ಕು?"

ಪೆಟ್ಟಿಗೆಯ ಹಿಂದಿನಿಂದ ಬೆಣ್ಣೆ ಹೊರಗೆ ಬಂತು. ಅಷ್ಟು ಜನರನ್ನು ಲೆಕ್ಕಕ್ಕೇ ಇಡದೆ ಕೋಣೆ ದಾಟಿ, ಒಗೆದು ಮಡಿಸಿದ್ದ ಕಂಬಳಿಯ ಮೇಲೆ ಹೋಗಿ ಕೂತಿತು. ಸುನಂದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಚಲುವರಾಜು ಅಪ್ಪನ ಎದುರಿಗೆ ಹೋಗಿ ನಿಂತ. ವಾಸನೆಯ ಪಂಡಿತ ಎಂಬ ಜಂಬವೆಲ್ಲ ಇಳಿದುಹೋಗಿತ್ತು.

"ಅಪ್ಪಾ, ಅದನ್ನ ಕಳಿಸ್ಬೇಡ. ನಾನು ಕೆಲ್ಸದಿಂದ ಬಂದ್ರೆ ಈ ಮನೇಲಿ ಎದ್ದು ಬರೋದು ಅದೊಂದೇಯ" ಅಂದ. ಅಂದಮೇಲೆ ಅಷ್ಟು ಜನರ ಮುಂದೆ ಅಂದೆನಲ್ಲ ಎಂದು ತಲೆ ತಗ್ಗಿಸಿದ. ಸುನಂದಮ್ಮ ಬಾಯಿಗೊತ್ತಿದ್ದ ಸೆರಗು ತೆಗೆದು ಅವನ ಮುಖವನ್ನೇ ನೋಡಿದಳು.

ದೊಡ್ಡಬೀರಯ್ಯನವರು ಬಗ್ಗಿ ಬೂದಿಯ ಮೇಲಿನ ಹೆಜ್ಜೆಯನ್ನು ಹೊಸ ಕಣ್ಣಿನಿಂದ ನೋಡಿದರು. ಆಮೇಲೆ ಶಿವರುದ್ರಮ್ಮನ ಕಡೆ ತಿರುಗಿದರು.

"ರುದ್ರವ್ವಾ, ಈ ಬೆ‌ಕ್ಕು ನಾನೇ ಅಂತ ಊರಿಗೆಲ್ಲಾ ಹೇಳಿದ್ಯಾ?"

"ಹೇಳ್ದೆ. ಹೆಜ್ಜೆ ಸುಳ್ಳಾಡಾಕಿಲ್ಲ" ಎಂದರು ಶಿವರುದ್ರಮ್ಮ, ಸೋಲೊಪ್ಪದೆ.

"ಅಂಗಾದ್ರೆ ಮುಗೀತು. ನನ್ನ ಮನೆ, ನನ್ನ ಕೋಣೆ, ನನ್ನ ಕಂಬಳಿ. ನಾನು ಇಲ್ಲಿರಾಕೆ ಯಾರಪ್ಪಣೆ ಬೇಕು? ನನ್ನ ಆಚೆಗಾಕೋ ಗಂಡ್ಸು ಯಾರಾದ್ರೂ ಇದ್ರೆ ಮುಂದಕ್ಕೆ ಬರ್ಲಿ."

ಯಾರೂ ಬರಲಿಲ್ಲ. ಹಿಂದಿನಿಂದ ಸ್ಪಂದನಾ "ತಾತಾ!" ಎಂದು ಕೂಗಿ ಅವರನ್ನು ತಬ್ಬಿಕೊಂಡಳು. ಜನ ನಗಲು ಶುರು ಮಾಡಿದರು. ಚಲುವರಾಜುವೂ ನಗಲು ಹೊರಟ.

"ನೀನೇನ್ ಕಿಸೀತೀಯ?" ಎಂದರು ಅಪ್ಪ. "ಆ ಬಾಟ್ಲಿಗಳ್ನೆಲ್ಲಾ ತಿಪ್ಪೆಗೆಸಿ. ಬರೀ ಬೂದಿ ಸಾಕು. ಹೊತ್ತು ಹೊತ್ಗೆ ಬಾಚಿ ಹಾಕು, ಅಷ್ಟೇಯ. ಬಾಚೋದು ನೀನೇ, ಹೆಂಡ್ತಿ ಮಗಳ ತಲೆಗೆ ಕಟ್ಟೀಯಾ."

"ಆಗ್ಲಪ್ಪ."

"ಮೂಗು ಮುಚ್ಕಂಡು ಬಾಚಬಾರ್ದು."

"ಯಾಕಪ್ಪಾ?"

ದೊಡ್ಡಬೀರಯ್ಯನವರು ಕಂಬಳಿಯ ಮೇಲೆ ಬೆಕ್ಕಿನ ಪಕ್ಕ ಕೂತು, ಕಾಲು ಚಾಚಿ, ದನಿ ತಗ್ಗಿಸಿದರು.

"ನಾಳೆ ನಾನು ಹಾಸಿಗೆ ಹಿಡುದ್ರೆ ನಂದೂ ನೀನೇ ಬಾಚಬೇಕು ಕಣ್ಲಾ. ಈಗ್ಲಿಂದ್ಲೇ ರೂಢಿ ಆಗ್ಲಿ."

ಚಲುವರಾಜು ಒಂದು ಕ್ಷಣ ಅಪ್ಪನನ್ನೇ ನೋಡಿದ. ಆಮೇಲೆ ಬಗ್ಗಿ, ಬಾಂಡ್ಲಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡು ತಿಪ್ಪೆಯ ಕಡೆಗೆ ನಡೆದ. ಮೂಗು ಮುಚ್ಚಿಕೊಳ್ಳಲಿಲ್ಲ. ಕಣ್ಣು ಒರೆಸಿಕೊಳ್ಳಬೇಕಾಗಿತ್ತು, ಕೈ ಖಾಲಿ ಇರಲಿಲ್ಲ.

ಬೀದಿಯ ಆ ತುದಿಯ ಬೇವಿನ ಮರದ ಕೆಳಗೆ ಶಶಿಕುಮಾರ ಇನ್ನೂ ಕಿವಿಗೆ ಬೆರಳಿಟ್ಟುಕೊಂಡೇ ನಿಂತಿದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಹೇಳಿದರೂ ಕೇಳಿಸುತ್ತಿರಲಿಲ್ಲ. ಅಣ್ಣ ಕಣ್ಣೀರು ಸುರಿಸುತ್ತಾ ಬೂದಿ ಹೊತ್ತುಕೊಂಡು ಬರುವುದು ಕಂಡಿತು. ಸೋಮವಾರದ ಪೆಂಡಾಲು ನೆನಪಾಗಿ, ಶಶಿಕುಮಾರ ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿಕೊಂಡ.